ಗೋಡೆಯಾಚೆಯ ಬಲಗೈ

ವೈನಿಯ ಬಲ ಅಂಗೈ ಎಡ ಅಂಗೈಗಿಂತ ಅಗಲವಾಗಿತ್ತು. ಎರಡನ್ನೂ ಜೋಡಿಸಿ ದೇವರಿಗೆ ಕೈಮುಗಿದರೆ ಬಲಗೈಯ ಅಂಚು ಎಡಗೈಯ ಆಚೆ ಕಾಣಿಸುತ್ತಿತ್ತು. ಲಂಗ ಉಡುವ ವಯಸ್ಸಿನಿಂದ ಜೋಳದ ರೊಟ್ಟಿ ಬಡಿದು ಬಡಿದು ಹಾಗಾದದ್ದಂತೆ. ಬೆರಳುಗಳ ಬುಡದಲ್ಲಿ ಚರ್ಮ ಎಷ್ಟು ದಪ್ಪಗಿತ್ತೆಂದರೆ, ಕಾದ ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಲ್ಲೇ ಮಗುಚುತ್ತಿದ್ದರು. ಆ ಕೈ ಕಂಡರೆ ನನಗೆ ಆಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಐವತ್ತರ ದಶಕದ ಕೊನೆಯ ವರ್ಷಗಳು. ನಾಗಪುರದ ರೈಲ್ವೆ ಕ್ವಾರ್ಟರ್ಸಿನಲ್ಲಿ ಅವರ ಮನೆಯೂ ನಮ್ಮ ಮನೆಯೂ ಒಂದಕ್ಕೊಂದು ಅಂಟಿಕೊಂಡಿದ್ದವು. ಎರಡು ಅಡುಗೆಮನೆಗಳ ನಡುವೆ ಒಂದೇ ಗೋಡೆ. ಹಿತ್ತಲುಗಳ ನಡುವೆ ಎದೆಯೆತ್ತರದ ಇನ್ನೊಂದು ಮೋಟುಗೋಡೆ. ಅವರ ಯಜಮಾನರು, ನಾವೆಲ್ಲ ರಾಯರು ಅನ್ನುತ್ತಿದ್ದವರು, ನಮ್ಮವರ ಜೊತೆ ಪಾರ್ಸೆಲ್ ಆಫೀಸಿನಲ್ಲಿದ್ದರು. ಆ ದಂಪತಿ ಧಾರವಾಡದ ಕಡೆಯವರು, ನಮ್ಮವರು ಗದಗಿನವರು. ನಾನೊಬ್ಬಳೇ ಮೈಸೂರಿನವಳು. ನಮ್ಮ ಕಡೆ ಅತ್ತಿಗೆ ಅನ್ನುವುದನ್ನು ಅವರ ಕಡೆ ವೈನಿ ಅನ್ನುತ್ತಾರೆ. ನಮ್ಮವರು ಹಾಗೆ ಕರೆಯುತ್ತಿದ್ದರೆಂದು ನಾನೂ ಕರೆದೆ. ಅವರು ನನ್ನನ್ನು ಕರೆಯುತ್ತಿದ್ದದ್ದು ಮಾತ್ರ "ಏ ಮೈಸೂರಾಕಿ" ಎಂದು.

ಮೈಸೂರಿನವಳಿಗೆ ಜೋಳದ ರೊಟ್ಟಿ ಬರುವುದು ಹೇಗೆ? ನಾನು ಬಡಿದರೆ ಅಂಚು ಸೀಳಿ, ನಡುವೆ ತೂತು ಬಿದ್ದು, ಹಂಚಿಗೆ ಹಾಕುವಷ್ಟರಲ್ಲಿ ಮೂರು ಚೂರಾಗುತ್ತಿತ್ತು. ಮದುವೆಯಾದ ಹೊಸತರಲ್ಲಿ ಒಂದು ದಿನ ನಮ್ಮವರು ಆ ಚೂರುಗಳನ್ನು ತಟ್ಟೆಯಲ್ಲಿ ಸುಮ್ಮನೆ ಜೋಡಿಸುತ್ತ ಕೂತಿದ್ದರು. ಗೋಡೆಯಾಚೆ ವೈನಿಗೆ ಅದು ಹೇಗೆ ತಿಳಿಯಿತೋ, ಮಾರನೆಯ ಸಂಜೆ ಮೋಟುಗೋಡೆಯ ಮೇಲೆ ಬಟ್ಟೆ ಮುಚ್ಚಿದ ತಟ್ಟೆ ಬಂತು. ಅದರಲ್ಲಿ ಎರಡು ರೊಟ್ಟಿ, ಚಂದ್ರನ ಹಾಗೆ. ಅಂದಿನಿಂದ ದಿನಾ ಬಂತು. ನಮ್ಮವರು ಆಫೀಸಿನಿಂದ ಬಂದು ಕಾಲು ತೊಳೆಯುವ ಮೊದಲು "ವೈನಿ ರೊಟ್ಟಿ ಬಂದಾವೇನು?" ಎಂದು ಕೇಳುವುದು ರೂಢಿಯಾಯಿತು. ನಾನು ಹುಳಿ, ಪಲ್ಯ, ತೊವ್ವೆ ಏನು ಮಾಡಿದರೂ ಅದು ಆ ರೊಟ್ಟಿಗೆ ನಂಚಿಕೊಳ್ಳುವ ಪದಾರ್ಥ, ಅಷ್ಟೆ. ನನ್ನ ಗಂಡನ ಹೊಟ್ಟೆ ತುಂಬಿಸುವವಳು ಪಕ್ಕದ ಮನೆಯಲ್ಲಿದ್ದಳು.

"ಕಲಿಸಿಕೊಡಿ ವೈನಿ" ಎಂದು ನಾನಾಗಿ ಕೇಳಿದ್ದೂ ಉಂಟು. "ಹೆಂಗ ಹೇಳಲೇ ಹುಚ್ಚಿ? ನನಗೇನ ಗೊತ್ತಿಲ್ಲ, ಕೈಗೆ ಗೊತ್ತು" ಎಂದು ನಗುತ್ತಿದ್ದರು. ಕಲಿಸಲು ಮನಸ್ಸಿಲ್ಲದವರ ಜಾಣತನ ಎಂದುಕೊಂಡು ಮನೆಗೆ ಬರುತ್ತಿದ್ದೆ.

ಆಮೇಲೆ ಆ ಕೈಗೇ ಸೋಲು ಬಂತು. ಮಳೆಗಾಲದಲ್ಲಿ ಶುರುವಾದ ಬಲಭುಜದ ನೋವು ದೀಪಾವಳಿ ಹೊತ್ತಿಗೆ ಹೆಚ್ಚಾಗಿ, ತಲೆಯವರೆಗೂ ಕೈ ಏಳದಂತಾಯಿತು. ಆದರೂ ಹಲ್ಲು ಕಚ್ಚಿ ರೊಟ್ಟಿ ಬಡಿದರು. ಗೋಡೆಯಾಚೆಯ ಸಪ್ಪಳ ತಡವರಿಸುವುದು ನನಗೆ ಕೇಳುತ್ತಿತ್ತು. ಒಳಗೊಳಗೇ ಒಂದಿಷ್ಟು ಸಮಾಧಾನವಾಯಿತು ಎಂದರೂ ತಪ್ಪಲ್ಲ. ಕೊನೆಗೆ ರಾಯರು ಧರಮಪೇಠದ ಡಾಕ್ಟರರ ಹತ್ತಿರ ಟಾಂಗಾದಲ್ಲಿ ಕರೆದೊಯ್ದರು. ಜೊತೆಗೆ ಹೆಂಗಸೊಬ್ಬಳಿರಲಿ ಎಂದು ನನ್ನನ್ನೂ ಕರೆದರು. ಡಾಕ್ಟರು ವಿಲಾಯಿತಿಯಲ್ಲಿ ಓದಿ ಬಂದವರು. ಕೀಲಿನೊಳಕ್ಕೇ ಹೊಸ ಔಷಧದ ಸೂಜಿ ಚುಚ್ಚಿದರು. ಸ್ಟಿರಾಯ್ಡ್ ಎಂಬ ಹೆಸರು ಆಗ ನಮಗೆ ತಿಳಿಯದು. ನಮ್ಮ ಓಣಿಯಲ್ಲಿ ಅದಕ್ಕೆ "ಕೀಲಿನ ಸೂಜಿ" ಎಂದೇ ಹೆಸರಾಯಿತು.

"ಆಜ್ ದುಖೇಲ್ ಬಾಈ, ಘಾಬರೂ ನಕಾ" ಎಂದರು ಡಾಕ್ಟರು. ಇವತ್ತು ನೋವು ಏರುತ್ತದೆ, ಹೆದರಬೇಡಿ. ಆಮೇಲೆ ರಾಯರ ಕಡೆ ತಿರುಗಿ, ಎರಡು ದಿನದಲ್ಲಿ ನೋವು ಇಳಿಯುತ್ತದೆ, ಎಚ್ಚರ ಬೇಕಾದದ್ದು ಆಗಲೇ, ಹೆಂಗಸರು ಗುಣವಾಯಿತೆಂದು ಬಕೆಟ್ ಎತ್ತಿಬಿಡುತ್ತಾರೆ ಎಂದರು. ಎರಡು ವಾರ ಕೈ ಜೋಳಿಗೆಯಲ್ಲಿರಬೇಕು. ನೀರು ಸೇದುವುದು, ಹಿಟ್ಟು ನಾದುವುದು, ರೊಟ್ಟಿ ಬಡಿಯುವುದು ಎಲ್ಲ ಬಂದ್. ಹಳೇ ಪಂಚೆ ಹರಿದು ರಾಯರೇ ಜೋಳಿಗೆ ಕಟ್ಟಿದರು, ಗಂಟು ಕುತ್ತಿಗೆಗೆ ಒತ್ತದ ಹಾಗೆ.

ಡಾಕ್ಟರು ಹೇಳಿದಂತೆಯೇ ಆಯಿತು. ಮೊದಲ ದಿನ ವೈನಿ ಅತ್ತುಬಿಟ್ಟರು. ರಾಯರು ತಣ್ಣೀರಿನ ಬಟ್ಟೆ ಹಾಕುತ್ತ ಪಕ್ಕದಲ್ಲೇ ಕೂತಿದ್ದರು. ಮೂರನೆಯ ದಿನ ನೋವು ಹೇಳದೆ ಕೇಳದೆ ಹೋಗಿತ್ತು. ಹೋದ ಮೇಲೆಯೂ ರಾಯರು ರಜೆ ಮುಂದುವರಿಸಿದರು. ಅನ್ನಕ್ಕಿಟ್ಟರು, ನೀರು ಸೇದಿದರು, ಕಸ ಗುಡಿಸಿದರು. ಆ ಕಾಲದಲ್ಲಿ, ಆ ಓಣಿಯಲ್ಲಿ, ಗಂಡಸು ಕಸಬರಿಗೆ ಹಿಡಿದದ್ದನ್ನು ನೋಡಲು ಹೆಂಗಸರು ನೆಪ ಮಾಡಿಕೊಂಡು ಬಂದುಹೋದರು.

ನಾನು ಮೋಟುಗೋಡೆಯ ಈಚೆ ಬಟ್ಟೆ ಒಣಹಾಕುತ್ತ ನೋಡಿದೆ. ಚಳಿಗಾಲದ ಬಿಸಿಲಿನಲ್ಲಿ ವೈನಿ ಚಾಪೆಯ ಮೇಲೆ ಕೂತಿದ್ದಾರೆ. ಹಿಂದೆ ಸ್ಟೂಲಿನ ಮೇಲೆ ಕೂತ ರಾಯರು ಅವರ ತಲೆ ಬಾಚುತ್ತಿದ್ದಾರೆ. ಮೊಣಕಾಲು ಮುಟ್ಟುವ ಕೂದಲು ವೈನಿಯದು. ಬುಡವನ್ನು ಒಂದು ಕೈಯಲ್ಲಿ ಹಿಡಿದು, ಎಳೆಯದ ಹಾಗೆ, ಸಿಕ್ಕು ಬಿಡಿಸುತ್ತಿದ್ದರು. ಅದು ಮುಗಿದ ಮೇಲೆ ಕಿತ್ತಳೆ ಹಣ್ಣು ಸುಲಿದು, ತೊಳೆಯ ಮೇಲಿನ ಬಿಳಿನಾರು ತೆಗೆದು, ಒಂದೊಂದಾಗಿ ಹೆಂಡತಿಯ ಎಡಗೈಗೆ ಇಟ್ಟರು. ನನ್ನ ಎದೆಯಲ್ಲಿ ಬೆಂಕಿ ಬಿತ್ತು. ಹಿಂದಿನ ವರ್ಷ ನನಗೆ ಟೈಫಾಯಿಡ್ ಬಂದಾಗ ನಮ್ಮವರು ಬಾಗಿಲಲ್ಲಿ ನಿಂತು "ಗುಳಿಗಿ ತಗೊಂಡ್ಯಾ?" ಎಂದು ಕೇಳಿ ಆಫೀಸಿಗೆ ಹೋಗಿದ್ದರು. ಆ ಸಂಜೆ ಪಾತ್ರೆಗಳನ್ನು ಸಪ್ಪಳವಾಗುವಂತೆ ಇಟ್ಟೆ. "ಚಾ ಆತೇನು?" ಎಂದರು ನಮ್ಮವರು, ಪೇಪರಿನ ಹಿಂದಿನಿಂದ.

ರೊಟ್ಟಿಯಂತೂ ಬರುತ್ತಿರಲಿಲ್ಲ. ಅನ್ನದ ತಟ್ಟೆ ನೋಡಿ ನಮ್ಮವರ ಮುಖ ಸಪ್ಪಗಾಗುತ್ತಿತ್ತು. ಇದೇ ಸಮಯ ಎಂದು ಛಲ ಹುಟ್ಟಿತು. ಗಾಂಧಿಬಾಗಿನಿಂದ ಹೊಸ ಜೋಳ ತರಿಸಿ ಬೀಸಿಸಿದೆ. ಮಧ್ಯಾಹ್ನ ಹಿಟ್ಟು ಕಲಸಿ ಕೂತೆ. ನಾಲ್ಕು ಏಟು ಬಡಿದಿರಬಹುದು, ಗೋಡೆಯಾಚೆಯಿಂದ ಟಕ್ ಎಂದು ಸದ್ದಾಯಿತು. ನಿಲ್ಲಿಸಿದೆ. ಮತ್ತೆ ಬಡಿದೆ. ಮತ್ತೆ ಟಕ್. ಹೋಗಿ ನೋಡಿದರೆ ವೈನಿ ಮಂಚವನ್ನು ಅಡುಗೆಮನೆಯ ಗೋಡೆಗೆ ಒತ್ತಿ ಹಾಕಿಸಿಕೊಂಡು ಮಲಗಿದ್ದಾರೆ, ಎಡಗೈಯಲ್ಲಿ ಸೌಟು.

"ನಿನ್ನ ಹಿಟ್ಟಿಗೆ ನೀರ ಕುದ್ದಿಲ್ಲ" ಎಂದರು. "ಅದಕ್ಕ ಸಪ್ಪಳಾ ಒಡಕ ಬರ್ತೈತಿ. ಕುದಿಯೂ ನೀರ ಹಾಕಿ ನಾದು."

"ಮಲಗಿದಲ್ಲಿಂದಲೇ ಗೊತ್ತಾಗತ್ತಾ ನಿಮಗೆ?"

"ನಾ ಕೈ ನೋಡಕೊಂಡ ಯಾವತ್ತ ರೊಟ್ಟಿ ಬಡದೇನಿ? ಸಪ್ಪಳಾ ಕೇಳಕೊಂಡ ಬಡೀತೇನಿ. ಇದೂ ನನಗ ಈಗ ಗೊತ್ತಾತು ನೋಡು, ಖಾಲಿ ಮಲಗಿದ ಮ್ಯಾಲೆ. ಹೋಗು, ಬಡಿ. ತಪ್ಪಿದರ ಗ್ವಾಡಿ ಬಡೀತೇನಿ."

ಹೀಗೆ ಅವರು ಮಲಗಿಕೊಂಡೇ ನನಗೆ ಪಾಠ ಮಾಡಿದರು. ಒಂದು ಟಕ್ ಎಂದರೆ ಏಟು ಜೋರಾಯಿತು. ಎರಡು ಎಂದರೆ ರೊಟ್ಟಿ ತಿರುಗಿಸದೆ ಒಂದೇ ಕಡೆ ಬಡಿಯುತ್ತಿದ್ದೇನೆ. ಸುಮ್ಮನಿದ್ದರೆ ಸರಿ. ಆ ಸುಮ್ಮನಿರುವಿಕೆಗಾಗಿ ನಾನು ಎಷ್ಟು ಕಾದೆನೆಂದರೆ, ಯಾವ ಪರೀಕ್ಷೆಗೂ ಹಾಗೆ ಕಾದವಳಲ್ಲ. ಕೆಟ್ಟ ರೊಟ್ಟಿಯನ್ನೆಲ್ಲ ನಮ್ಮವರು ಬರುವ ಮೊದಲೇ ಬೀದಿಯ ಹಸುವಿಗೆ ಹಾಕಿಬಿಡುತ್ತಿದ್ದೆ. ಎರಡು ವಾರ ಮುಗಿಯುತ್ತ ಬಂದಾಗ ಒಂದು ದಿನ ಗೋಡೆ ಮೊದಲಿನಿಂದ ಕೊನೆಯವರೆಗೆ ಸುಮ್ಮನಿತ್ತು. ರೊಟ್ಟಿ ಕೆಂಡದ ಮೇಲೆ ಪೂರಿಯ ಹಾಗೆ ಉಬ್ಬಿತು.

ಸಂಜೆ ಅದನ್ನು ಬಡಿಸಿ ಎದುರಿಗೆ ನಿಂತೆ. ನಮ್ಮವರು ಒಂದು ತುತ್ತು ತಿಂದು ಕಣ್ಣರಳಿಸಿದರು.

"ವೈನಿ ಕೈ ಆರಾಮಾತೇನು? ಎಷ್ಟ ದಿನಾ ಆಗಿತ್ತು ಇಂಥಾ ರೊಟ್ಟಿ ತಿಂದು."

"ನಾನು ಮಾಡಿದ್ದು" ಎಂದೆ.

"ಹೌದೌದು" ಎಂದು ನಕ್ಕು ಎರಡನೆಯ ರೊಟ್ಟಿಗೆ ಕೈಹಾಕಿದರು.

ನಾನು ಅಡುಗೆಮನೆಗೆ ಬಂದು ನೆಲದ ಮೇಲೆ ಕೂತುಬಿಟ್ಟೆ. ಎರಡು ವಾರ ಬೆರಳು ಸುಟ್ಟುಕೊಂಡದ್ದು ಇದಕ್ಕೇನು? ಆ ಬಲಗೈ ಜೋಳಿಗೆಯಲ್ಲಿ ಮಲಗಿದ್ದುಕೊಂಡೇ ನನ್ನ ಮನೆಯಲ್ಲಿ ಹೆಸರು ಮಾಡುತ್ತಿತ್ತು. ಗೋಡೆಯಾಚೆ ಯಾರೋ ಮಗ್ಗುಲು ಬದಲಿಸಿದ ಸದ್ದಾಯಿತು.

ಸೋಮವಾರದಿಂದ ಕೆಲಸ ಮಾಡಬಹುದೆಂದು ಡಾಕ್ಟರು ಹೇಳಿದ್ದರು. ಸೋಮವಾರ ಬಂದರೂ ವೈನಿಯ ಕುತ್ತಿಗೆಯಲ್ಲಿ ಜೋಳಿಗೆ ಇದ್ದೇ ಇತ್ತು. "ಇನ್ನ ಏಳವಲ್ದವಾ ಕೈ" ಎಂದರು. ಅಂದು ಸಂಜೆ ನಮ್ಮವರು ಊಟಕ್ಕೆ ಕೂತ ಹೊತ್ತಿಗೆ ಸರಿಯಾಗಿ ನಮ್ಮ ಮನೆಗೆ ಬಂದು, ಅವರ ಎದುರಿಗೇ ಮಣೆ ಎಳೆದುಕೊಂಡು ಕೂತರು.

"ನೋಡ್ರಿ, ನನ್ನ ಕೈ ಇಲ್ಲೈತಿ" ಎಂದು ಜೋಳಿಗೆ ತೋರಿಸಿದರು. "ಸೂಜಿ ಚುಚ್ಚಿದ ದಿನದಿಂದ ಹಿಟ್ಟ ಮುಟ್ಟಿಲ್ಲ. ನೀವ ತಿನ್ನಾಕತ್ತದ್ದ ಯಾರ ರೊಟ್ಟಿ, ಹೇಳ್ರಿ."

ನಮ್ಮವರು ತಟ್ಟೆ ನೋಡಿದರು. ಆಮೇಲೆ ನನ್ನ ಮುಖ ನೋಡಲಿಲ್ಲ, ಕೈ ನೋಡಿದರು. ಬೆರಳ ತುದಿಯ ಸುಟ್ಟ ಗುಳ್ಳೆಗಳು ಕಂಡಿರಬೇಕು. "ಖರೇನ ಇಕೀನ?" ಎಂದರು. ತಟ್ಟೆ ಮುಂದೆ ಸರಿಸಿ, "ಇನ್ನೊಂದ ಹಾಕು" ಎಂದು ನನಗೆ ಹೇಳಿದರು. ಆ ಮಾತಿಗೆ ನಾನು ಹಿಗ್ಗಿದೆ. ಹಿಗ್ಗಿದ ಮರುಗಳಿಗೆಯೇ ಸಿಟ್ಟು ಬಂತು. ನಾನು ಹೇಳಿದರೆ ನಂಬದ ಗಂಡ, ವೈನಿ ಹೇಳಿದರೆ ನಂಬಿದ.

ಅದಾಗಿ ಕೆಲವು ದಿನಗಳ ಮೇಲೆ ಬಟ್ಟೆ ತೆಗೆಯಲು ಹಿತ್ತಲಿಗೆ ಹೋದೆ. ಆಚೆ ವೈನಿ ಒಬ್ಬರೇ ಇದ್ದರು. ಜೋಳಿಗೆ ತುಳಸಿಕಟ್ಟೆಯ ಮೇಲಿತ್ತು. ಎರಡೂ ಕೈ ಮೇಲೆತ್ತಿ ಸಲೀಸಾಗಿ ತುರುಬು ಕಟ್ಟುತ್ತಿದ್ದರು. ನನ್ನನ್ನು ನೋಡಿ ಗಾಬರಿಯಾಗಲಿಲ್ಲ. ತುರುಬು ಬಿಚ್ಚಿ ಕೂದಲು ಮತ್ತೆ ಹರಡಿಕೊಂಡು, ಜೋಳಿಗೆಯನ್ನು ಕುತ್ತಿಗೆಗೆ ಹಾಕಿಕೊಂಡರು.

"ವೈನಿ, ನಿಮ್ಮ ಕೈ ಗುಣವಾಗಿದೆ" ಎಂದೆ.

"ಬರೋಬರ್ ಆಗೇತಿ. ಯಾರಿಗೂ ಹೇಳಬ್ಯಾಡ."

"ಮತ್ತೆ ಯಾಕೆ ಈ ನಾಟಕ?"

ಗೋಡೆಯ ಹತ್ತಿರ ಬಂದು ದನಿ ತಗ್ಗಿಸಿದರು. "ನಮ್ಮ ಮನಿಯವರು ಈಗ ತಲಿ ಬಾಚೂದ ಕಲತಾರ. ನಿಮ್ಮ ಮನಿಯವರು ನಿನ್ನ ರೊಟ್ಟಿ ಕೇಳೂದ ಕಲತಾರ. ನನ್ನ ಕೈ ನೆಟ್ಟಗಾತು ಅಂದರ ಎರಡೂ ಮರೀತಾರ. ಇನ್ನಷ್ಟ ದಿನಾ ರೂಢಿ ಆಗಲಿ, ಸುಮ್ಮನಿರು."

ತಮ್ಮ ಸುಖಕ್ಕೆಂದು ಅಷ್ಟು, ನನಗೆಂದು ಇಷ್ಟು, ಎರಡನ್ನೂ ಒಂದೇ ಜೋಳಿಗೆಯಲ್ಲಿ ತೂಗುಹಾಕಿಕೊಂಡು ಓಡಾಡುತ್ತಿದ್ದರು ವೈನಿ. ನನಗೆ ಅಂಥದ್ದೊಂದು ಯೋಚನೆ ಹೊಳೆಯುತ್ತಿತ್ತೇ? ರೊಟ್ಟಿಗೆ, ಕೂದಲಿಗೆ, ಗಂಡನಿಗೆ ಹೊಟ್ಟೆಕಿಚ್ಚು ಪಟ್ಟದ್ದು ಸಾಲದೆ ಆ ದಿನದಿಂದ ಅವರ ಒಳ್ಳೆಯತನಕ್ಕೂ ಪಟ್ಟೆ. ಉಳಿದದ್ದಕ್ಕಿಂತ ಇದೇ ಹೆಚ್ಚು ಉರಿಯಿತು.

ಜೋಳಿಗೆ ಬಿಚ್ಚಿದ್ದು ಸಂಕ್ರಾಂತಿಯ ಹಿಂದಿನ ಭೋಗಿಯ ದಿನ. ಅಂದು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಮಾಡಿ ಮನೆಮನೆಗೆ ಕೊಡುವುದು ಅವರ ಕಡೆಯ ಪದ್ಧತಿ. ಆ ದಿನ ಇನ್ನೊಬ್ಬರ ಕೈಯ ರೊಟ್ಟಿ ದೇವರ ಮುಂದಿಡಲು ವೈನಿಗೆ ಮನಸ್ಸು ಒಪ್ಪಲಿಲ್ಲ. ಗೋಡೆಯ ಆಚೆ ಅವರು, ಈಚೆ ನಾನು, ಒಟ್ಟಿಗೆ ಬಡಿದೆವು. ಮೋಟುಗೋಡೆಯ ಮೇಲೆ ಅವರ ತಟ್ಟೆ ಈ ಕಡೆಗೆ ಬಂತು, ನನ್ನ ತಟ್ಟೆ ಆ ಕಡೆಗೆ ಹೋಯಿತು. ದಿನದ ಎರಡು ರೊಟ್ಟಿ ಮತ್ತೆ ಬರಲಿಲ್ಲ. ನಾನೂ ಕೇಳಲಿಲ್ಲ, ನಮ್ಮವರೂ ಕೇಳಲಿಲ್ಲ.

ಮುಂದೆ ರಾಯರಿಗೆ ಬಿಲಾಸಪುರಕ್ಕೆ ವರ್ಗವಾಯಿತು. ಆಚೆ ಮನೆಗೆ ಬಂದ ಸಂಸಾರ ಚಪಾತಿಯವರು, ಗೋಡೆ ಸುಮ್ಮನಾಯಿತು. ಎಷ್ಟೋ ವರ್ಷಗಳ ಮೇಲೆ ಆ ಕಡೆಯಿಂದ ಬಂದ ಪರಿಚಯದವರೊಬ್ಬರು ವೈನಿ ತೀರಿಹೋದ ಸುದ್ದಿ ತಂದರು. ಕೊನೆಯವರೆಗೂ ರಾಯರೇ ತಲೆ ಬಾಚುತ್ತಿದ್ದರಂತೆ. ಅಳು ಬರುವ ಮೊದಲು ಆ ಹಳೆಯ ಬೆಂಕಿ ಒಂದು ಸಲ ಎದೆಯಲ್ಲಿ ಎದ್ದು ಕೂತಿತು.

ನಮ್ಮವರು ಆಗ ಊಟಕ್ಕೆ ಕೂತಿದ್ದರು. ಸುದ್ದಿ ಹೇಳಿದೆ. ಮುರಿದ ತುತ್ತನ್ನು ಕೈಯಲ್ಲೇ ತಿರುಗಿಸಿ ನೋಡಿದರು.

"ಅಂಥಾ ರೊಟ್ಟಿ ಇನ್ನ ಎಲ್ಲಿ ಸಿಗಬೇಕು" ಎಂದರು.

ಅವರ ಕೈಯಲ್ಲಿದ್ದದ್ದು ನನ್ನ ರೊಟ್ಟಿ. ಇಷ್ಟು ವರ್ಷ ಅದನ್ನೇ ತಿಂದ ಬಾಯಿ ಅದು. ಮೈಯೆಲ್ಲ ಉರಿಯಿತು. ಅವರು ಹೇಳಿದ್ದು ನಿಜವೆಂಬುದು ಎಲ್ಲರಿಗಿಂತ ನನಗೇ ಚೆನ್ನಾಗಿ ಗೊತ್ತಿತ್ತು. ಎದ್ದು ಒಳಗೆ ಹೋಗಿ, ದೇವರ ಮುಂದೆ ದೀಪ ಹಚ್ಚಿ, ವೈನಿಯ ಹೆಸರಿನಲ್ಲಿ ಕೈಮುಗಿದೆ. ನನ್ನ ಬಲಗೈಯ ಅಂಚು ಎಡಗೈಯ ಆಚೆ ಕಾಣಿಸಿತು.