ಗೆರೆಯಕ್ಕನ ಒಂಬತ್ತು ದಿನ

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಗೆರೆಯಕ್ಕ ಎಂದೇ ಕರೆಯುತ್ತಿದ್ದರು. ಪರದೆಯ ಮೇಲಿನ ಗೆರೆಗಳನ್ನು ನೋಡಿ, ಅವು ಯಾವ ಕಣದವೆಂದು ಬರೆದಿಡುವುದು ಇಪ್ಪತ್ತೆರಡು ವರ್ಷಗಳಿಂದ ಅವಳ ಕೆಲಸ. ನ್ಯೂಟ್ರಿನೊ ಎಂಬ ಕಣ ಗೋಡೆ, ಬೆಟ್ಟ ಯಾವುದಕ್ಕೂ ಕ್ಯಾರೇ ಅನ್ನದೆ ತೂರಿಹೋಗುತ್ತದೆ. ಅಪರೂಪಕ್ಕೊಂದು ಪ್ರಯೋಗಾಲಯದ ನೆಲದಡಿಯ ದ್ರವ ತುಂಬಿದ ತೊಟ್ಟಿಯಲ್ಲಿ ಪರಮಾಣುವಿಗೆ ಡಿಕ್ಕಿ ಹೊಡೆದರೆ ಗೆರೆಗಳು ಚಿಮ್ಮುತ್ತವೆ. ಉದ್ದನೆಯ ನೇರ ಗೆರೆಯಾದರೆ ಮ್ಯೂಆನ್. ಡಿಕ್ಕಿಯಾದ ಜಾಗದಿಂದಲೇ ಪೊದೆಯಂತೆ ಕವಲೊಡೆದರೆ ಎಲೆಕ್ಟ್ರಾನ್. ಡಿಕ್ಕಿಗೂ ಪೊದೆಗೂ ನಡುವೆ ಸಣ್ಣ ಸಂದಿದ್ದರೆ, ಅದು ಎಲೆಕ್ಟ್ರಾನಿನ ವೇಷ ಹಾಕಿದ ಬೆಳಕಿನ ಕಣ. ಆ ಸಂದು ಹಿಡಿಯುವುದರಲ್ಲಿ ಅವಳದು ಎತ್ತಿದ ಕೈ.

ಅವಳು ಗುರುತಿಸಿದ್ದ ಸಾವಿರಾರು ಚಿತ್ರಗಳನ್ನು ತೋರಿಸಿ ಕಂಪ್ಯೂಟರಿಗೆ ಅದೇ ವಿದ್ಯೆ ಕಲಿಸುತ್ತಿದ್ದವಳು ಒಬ್ಬ ಸಂಶೋಧಕಿ, ಗೆರೆಯಕ್ಕನ ಮಗಳ ವಯಸ್ಸಿನವಳು.

"ಡೀಪ್ ಲರ್ನಿಂಗ್ ಅಂದ್ರೆ ಏನಮ್ಮಾ?" ಎಂದು ಗೆರೆಯಕ್ಕ ಒಮ್ಮೆ ಕೇಳಿದ್ದಳು.

"ನಾನೇನೂ ನಿಯಮ ಹೇಳ್ಕೊಡಲ್ಲ ಅಕ್ಕ. ನೀವು ಬರೆದಿದ್ದನ್ನ ನೋಡಿ ನೋಡಿ ಅದೇ ಕಲಿಯುತ್ತೆ."

"ಸದ್ಯ, ನನ್ನ ಬೈಗುಳ ಬರೆದಿಟ್ಟಿಲ್ಲ."

ಒಂದು ಬೆಳಿಗ್ಗೆ ಸಂಶೋಧಕಿ ಹಿಂಜರಿಯುತ್ತಾ ಬಂದಳು. "ಬೇಜಾರ್ ಮಾಡ್ಕೋಬೇಡಿ ಅಕ್ಕ. ನಿಮ್ಮ ಉತ್ತರಕ್ಕೂ ಕಂಪ್ಯೂಟರ್ ಉತ್ತರಕ್ಕೂ ತಾಳೆಯಾಗದ ಚಿತ್ರಗಳಲ್ಲಿ ಇನ್ನೂರ ಹದಿನಾಲ್ಕು ಒಂದೇ ಕಡೆ ಬಂದಿವೆ. ಆರು ವರ್ಷದ ಹಿಂದಿನ ಒಂಬತ್ತು ದಿನದ್ದು. ಕಂಪ್ಯೂಟರ್ ಸಂದು ಇದೆ ಅನ್ನುತ್ತೆ, ನೀವು ಎಲೆಕ್ಟ್ರಾನ್ ಅಂದಿದೀರಿ. ಆಗ ತೊಟ್ಟಿಯ ಮೆಷಿನ್ ಕೆಟ್ಟಿತ್ತಾ?"

ಗೆರೆಯಕ್ಕ ತಾರೀಕು ನೋಡಿದಳು.

"ಮೆಷಿನ್ ಚೆನ್ನಾಗೇ ಇತ್ತು. ನನ್ನ ತಂಗಿ ಆಸ್ಪತ್ರೇಲಿದ್ಲು. ಒಳಗೆ ಬಿಡ್ತಿರ್ಲಿಲ್ಲ. ಹೊರಗಿನ ಬೆಂಚಲ್ಲಿ ಕೂರೋಕಾಗ್ದೆ ಇಲ್ಲಿಗೆ ಬರ್ತಿದ್ದೆ. ಒಂಬತ್ತನೇ ದಿನ ಹೋಗ್ಬಿಟ್ಲು. ನಾನು ಇಲ್ಲೇ ಇದ್ದೆ."

"ಅಷ್ಟನ್ನೂ ಅಳಿಸ್ಬಿಡ್ತೀನಿ ಅಕ್ಕ. ಯಾರಿಗೂ ಹೇಳಲ್ಲ."

"ಬೇಡ. ನಾನು ಮಾಡಿದ್ದು, ನಾನೇ ನೋಡ್ತೀನಿ."

ನಾಲ್ಕು ದಿನ ಒಂದೊಂದೇ ಚಿತ್ರ ತೆಗೆದು ನೋಡಿದಳು. ನಡುವೆ ಎರಡು ಸಲ ಎದ್ದುಹೋಗಿ ಮುಖ ತೊಳೆದುಕೊಂಡು ಬಂದಳು. ಹೆಚ್ಚಿನವುಗಳಲ್ಲಿ ಸಂದು ಎದ್ದು ಕಾಣುತ್ತಿತ್ತು. ಹೊಸಬರೂ ತಪ್ಪುವಂಥದ್ದಲ್ಲ. ಇನ್ನೂರ ಮೂರನ್ನು ತಿದ್ದಿದಳು. ಉಳಿದ ಹನ್ನೊಂದರಲ್ಲಿ ಜಗ್ಗಲಿಲ್ಲ. "ಇವು ಎಲೆಕ್ಟ್ರಾನೇ. ನಿನ್ನ ಕಂಪ್ಯೂಟರಿಗೆ ಹೇಳು." ಸಂಶೋಧಕಿ ಒಂದೊಂದನ್ನೂ ಹಿಗ್ಗಿಸಿ ನೋಡಿ, ಹೌದೆಂದು ತಲೆಯಾಡಿಸಿದಳು.

"ಅವಳನ್ನ ಬಿಟ್ಟು ಕೆಲಸ ಮಾಡ್ತಾ ಕೂತಿದ್ನಲ್ಲಾ ಅಂತ ಇಷ್ಟು ವರ್ಷ ಕೊರಗಿದೀನಿ," ಎಂದಳು ಗೆರೆಯಕ್ಕ. "ಕೆಲಸಾನೂ ಮಾಡಿರ್ಲಿಲ್ಲ ನೋಡು. ಮನಸ್ಸು ಅವಳ ಹತ್ರಾನೇ ಇತ್ತು."

ಆ ಭಾನುವಾರ ಅವಳು ತಂಗಿಯ ಗಂಡನ ಮನೆಗೆ ಹೋದಳು. ಅವನಿಗೆ ಮುಖ ತೋರಿಸಲಾಗದೆ ಆರು ವರ್ಷದಿಂದ ಆ ಕಡೆ ತಲೆ ಹಾಕಿರಲಿಲ್ಲ. ಬಾಗಿಲು ತೆರೆದವನು ಏನೂ ಕೇಳದೆ, ಕುರ್ಚಿಯ ಮೇಲಿದ್ದ ಬಟ್ಟೆ ತೆಗೆದು ಕೂರಲು ಜಾಗ ಮಾಡಿಕೊಟ್ಟ.