ಕೋದಂಡರಾಮಪ್ಪನ ಹಸಿರು ಬಾಟಲಿ

ಮುಳಬಾಗಿಲಿನ ಹೈವೇ ಪಕ್ಕ ನಿಂತು ಬ್ರೇಕಿನ ಕೋದಂಡಣ್ಣ ಎಲ್ಲಿ ಅಂತ ಕೇಳಿ, ಎಳನೀರು ಮಾರೋಳೂ ಮಚ್ಚು ಎತ್ತಿ ಶೆಡ್ಡು ತೋರಿಸ್ತಾಳೆ. ಮೂವತ್ತೆಂಟು ವರ್ಷದಿಂದ ಅದೇ ಶೆಡ್ಡು, ಅದೇ ಕೆಲಸ. ಕೋದಂಡರಾಮಪ್ಪ ಇಂಜಿನ್ ಮುಟ್ಟೋನಲ್ಲ, ಗೇರಿನ ಕಡೆ ತಿರುಗಿ ನೋಡೋನಲ್ಲ. "ಗಾಡಿ ಓಡಿಸೋಕೆ ನೂರು ಜನ ಇದಾರೆ ಕಣಪ್ಪಾ, ನಿಲ್ಲಿಸೋಕೆ ನಾನೊಬ್ಬನೇ" ಅನ್ನೋನು. ಅವನು ಕೈಯಿಟ್ಟ ಬ್ರೇಕು ದೂರು ಹೊತ್ತು ವಾಪಸು ಬಂದದ್ದಿಲ್ಲ. ಹೊಲ ಇಲ್ಲ, ಮನೆ ಬಾಡಿಗೆದು. ಸಂಪಾದಿಸಿದ್ದು ಅಂದ್ರೆ ಆ ಹೆಸರೊಂದೇ.

ಅಂಥವನ ಶೆಡ್ಡಿನ ಮುಂದೆ ಒಂದು ಮಂಗಳವಾರ ಬೆಳಿಗ್ಗೆ ಟೋಯಿಂಗ್ ಗಾಡಿ ಬಂದು ಬಿಳಿ ಎಲೆಕ್ಟ್ರಿಕ್ ಕಾರೊಂದನ್ನು ಇಳಿಸಿತು. ಹಿಂದೆಯೇ ಆಟೋದಲ್ಲಿ ಹೈಸ್ಕೂಲ್ ಟೀಚರ್ ಆಶಾರಾಣಿ, ಜೊತೆಗೆ ಒಂದು ಕಣ್ಣಿಗೆ ಬಟ್ಟೆ ಕಟ್ಟಿಕೊಂಡಿದ್ದ ಅವಳ ಅತ್ತೆ ವೆಂಕಟರತ್ನಮ್ಮ.

"ಕೋದಂಡಣ್ಣಾ, ನಿನ್ನೆ ನಾವು ಉಳಿದಿದ್ದೇ ಹೆಚ್ಚು" ಅಂದಳು ಆಶಾರಾಣಿ. "ಆಪರೇಷನ್ ಆದ ಕಣ್ಣು ತೋರಿಸೋಕೆ ಅತ್ತೇನ ಚಿತ್ತೂರಿನ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ದೆ. ಮೊಗಿಲಿ ಘಾಟಿ ಅರ್ಧ ಇಳಿದಿದೀನಿ, ಬ್ರೇಕ್ ಒತ್ತಿದ್ರೆ ಕಾಲು ಸೀದಾ ತಳಕ್ಕೆ ಹೋಯ್ತು. ಹ್ಯಾಂಡ್ ಬ್ರೇಕ್ ಎಳೆದು, ಪಕ್ಕದ ಮಣ್ಣು ಗುಡ್ಡೆಗೆ ನುಗ್ಗಿಸಿ ನಿಲ್ಲಿಸಿದೆ."

"ನಾನು ಏನೂ ನೋಡಲಿಲ್ಲ ಕಣೋ" ಅಂದಳು ಮುದುಕಿ, ಹಳೇ ಟಯರಿನ ಮೇಲೆ ಕೂರುತ್ತಾ. "ಒಂದು ಕಣ್ಣಿಗೆ ಡಾಕ್ಟ್ರು ಬಟ್ಟೆ ಕಟ್ಟಿದ್ರು, ಇನ್ನೊಂದನ್ನ ನಾನೇ ಮುಚ್ಕೊಂಡೆ."

ಕೋದಂಡರಾಮಪ್ಪನಿಗೆ ನಗು ಬರಲಿಲ್ಲ. ಎರಡು ತಿಂಗಳ ಹಿಂದೆ ಕಲ್ಲು ಬಡಿದು ಸೀಳಿದ್ದ ಇದೇ ಕಾರಿನ ಬ್ರೇಕ್ ಪೈಪು ಬದಲಾಯಿಸಿ, ಬ್ರೇಕ್ ಎಣ್ಣೆ ತುಂಬಿಸಿ ಕಳಿಸಿದವನು ಅವನೇ.

"ಇದು ಕರೆಂಟಿನ ಕಾರಮ್ಮಾ, ಅದರ ಕಂಪ್ಯೂಟರ್ ಏನೋ ಆಟ ಆಡಿರ್ತದೆ" ಅಂದ.

"ನಾನೂ ಅದೇ ಅಂದ್ಕೊಂಡೆ. ಕಂಪನಿ ಮೇಲೆ ಕೇಸ್ ಹಾಕ್ತೀನಿ. ಬ್ರೇಕ್ ಕೆಲಸ ಸರಿಯಾಗೇ ಆಗಿತ್ತು ಅಂತ ನೀವು ಸಾಕ್ಷಿ ಹೇಳಬೇಕು."

"ಹೇಳೋಣ ಬಿಡು" ಅಂದುಬಿಟ್ಟ.

ಪೆಡಲ್ ಒತ್ತಿ ನೋಡಿದ. ನೆನೆದ ಹತ್ತಿ ತುಳಿದ ಹಾಗೆ ಮೆತ್ತಗೆ ಒಳಗೆ ಹೋಯಿತು. ನಾಲ್ಕು ಚಕ್ರ ಬಿಚ್ಚಿದ. ಎಲ್ಲೂ ಸೋರಿಕೆ ಇಲ್ಲ, ತಾನು ಹಾಕಿದ ಪೈಪು ಭದ್ರವಾಗಿದೆ. ಚಕ್ರದ ಹತ್ತಿರದ ತಿರುಪು ಸಡಿಲಿಸಿ ಎಣ್ಣೆ ಹೊರಗೆ ಬಿಟ್ಟಾಗ ಗುಳ್ಳೆಗಳು ಬಂದವು, ಆಮೇಲೆ ನಿಂತವು. ಪೆಡಲ್ ಗಟ್ಟಿಯಾಯಿತು.

"ಗಾಳಿ ಸೇರ್ಕೊಂಡಿತ್ತು. ಮುಗೀತು."

ಪಕ್ಕದಲ್ಲೇ ಬಿಡಿಭಾಗದ ಅಂಗಡಿ ನೋಡಿಕೊಳ್ಳುವ ಮಗಳು ದಿವ್ಯ, ಕೋಲಾರದಲ್ಲಿ ಡಿಪ್ಲೊಮಾ ಓದಿದವಳು, ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. "ನಾಯ್ನಾ, ಎಲ್ಲೂ ಸೋರಿಲ್ಲ ಅಂತೀಯ. ಗಾಳಿ ಎಲ್ಲಿಂದ ಒಳಗೆ ಬಂತು?"

ಅವನು ಬಿಗಿದಿದ್ದ ತಿರುಪನ್ನೇ ಮತ್ತೊಮ್ಮೆ ಬಿಗಿದ.

ದಿವ್ಯ ಸ್ಟವ್ ಹೊರಗೆ ತಂದಿಟ್ಟಳು. ಕಾರಿನಿಂದ ಇಳಿಸಿದ ಎಣ್ಣೆ ಒಂದು ಚಮಚದಲ್ಲಿ, ಸೀಲ್ ಒಡೆದ ಹೊಸ ಡಬ್ಬದ ಎಣ್ಣೆ ಇನ್ನೊಂದರಲ್ಲಿ. ಎರಡನ್ನೂ ಸಣ್ಣ ಉರಿಯ ಮೇಲೆ ಒಟ್ಟಿಗೆ ಹಿಡಿದಳು. ಹೊಸದು ಪೂಜೆಗೆ ಕೂತ ಗೌಡರ ಹಾಗೆ ಸುಮ್ಮನಿತ್ತು. ಕಾರಿನ ಎಣ್ಣೆ ಒಗ್ಗರಣೆಗೆ ನೀರು ಬಿದ್ದ ಹಾಗೆ ಚಟಚಟ ಸಿಡಿದು ನೊರೆಯೆದ್ದಿತು.

ಕೋದಂಡರಾಮಪ್ಪ ಎರಡು ಹೆಜ್ಜೆ ಹಿಂದೆ ಸರಿದ.

"ನೀರು" ಅಂದಳು ದಿವ್ಯ. "ಕಾದಾಗ ಈ ನೀರು ಆವಿಯಾಗಿ ಗುಳ್ಳೆಯಾಗಿದೆ. ಪೆಡಲ್ ಒತ್ತಿದ್ರೆ ಗುಳ್ಳೆ ಮುದುರ್ತದೆ, ಬ್ರೇಕ್ ಹಿಡಿಯಲ್ಲ. ನಾಯ್ನಾ, ಅವತ್ತು ಎಲ್ಲಿಂದ ಎಣ್ಣೆ ತುಂಬಿಸಿದೆ?"

ಅವನ ಕಣ್ಣು ತಾನಾಗಿ ಕಿಟಕಿಯ ಕಡೆ ಹೋಯಿತು. ಅಲ್ಲಿ ಹಸಿರು ಗಾಜಿನ ದೊಡ್ಡ ಬಾಟಲಿ, ಬಾಯಿಗೆ ಬಟ್ಟೆ ಸುತ್ತಿದ ಬೆಂಡು. ಬೇರೆ ಗಾಡಿಗಳಿಂದ ಇಳಿಸಿದ ಎಣ್ಣೆ ಅದರಲ್ಲಿ ತಿಳಿಯಾಗೋಕೆ ಬಿಡೋದು, ಮೇಲಿನ ತಿಳಿ ಮತ್ತೊಂದು ಗಾಡಿಗೆ ಹಾಕೋದು. ಎಣ್ಣೆ ಅಂದ್ರೆ ಲಕ್ಷ್ಮಿ, ಚೆಲ್ಲಬಾರದು ಅಂತ ಅವನ ಉಸ್ತಾದ್ ಕಲಿಸಿದ್ದು. ಆ ಪದ್ಧತಿಗೆ ಒಂದು ದಿನವೂ ತಪ್ಪಿರಲಿಲ್ಲ.

"ಬ್ರೇಕ್ ಎಣ್ಣೆ ಮಳೆಗಾಲದ ಉಪ್ಪಿನ ಹಾಗೆ ನಾಯ್ನಾ, ಗಾಳಿಯಲ್ಲಿರೋ ನೀರು ಕುಡೀತದೆ" ಅಂದಳು ಮೆಲ್ಲಗೆ.

"ಮೂವತ್ತೆಂಟು ವರ್ಷ ಏನೂ ಆಗಲಿಲ್ಲವಲ್ಲೇ!"

"ಶ್ರೀನಿವಾಸಪುರ, ಕೋಲಾರ ಅಂತ ಮಟ್ಟಸ ರಸ್ತೇಲಿ ಓಡೋ ಗಾಡಿ, ಬ್ರೇಕ್ ಅಷ್ಟು ಕಾಯೋದೇ ಇಲ್ಲ. ಈ ಕಾರು ಇಳಿಜಾರಲ್ಲಿ ಮೋಟಾರಿಂದಲೇ ತನ್ನ ತಾನು ಹಿಡ್ಕೊಂಡು, ಬಂದ ಕರೆಂಟ್ ಬ್ಯಾಟರಿಗೆ ತುಂಬ್ತದೆ. ಬ್ಯಾಟರಿ ಭರ್ತಿ ಆಗಿದ್ರೆ ತುಂಬೋಕೆ ಜಾಗ ಇಲ್ಲ. ಪೂರಾ ಭಾರ ಬ್ರೇಕಿನ ಮೇಲೆ, ಅದು ಕಾದು ಕೆಂಡ ಆಗ್ತದೆ."

ದೂರದಲ್ಲಿ ಬ್ಯಾಟರಿ ಮಾತಷ್ಟೇ ಕೇಳಿಸಿಕೊಂಡ ಆಶಾರಾಣಿ, "ಪಲಮನೇರಲ್ಲಿ ಊಟಕ್ಕೆ ನಿಂತಾಗ ನೂರಕ್ಕೆ ನೂರು ಚಾರ್ಜ್ ಹಾಕಿದ್ದೆ. ಯಾಕೆ, ಅದು ತಪ್ಪಾ?" ಅಂದಳು.

ದಿವ್ಯ ಅಪ್ಪನ ಮುಖ ನೋಡಿದಳು. ಹೇಳಬೇಕಾದವನು ಅವನು. ಸುಮ್ಮನಿದ್ದರೆ ತಪ್ಪು ಕಂಪನಿ ತಲೆಗೆ ಹೋಗುತ್ತೆ, ಅವನ ಹೆಸರು ಹಾಗೇ ಉಳಿಯುತ್ತೆ. ಕೋದಂಡರಾಮಪ್ಪ ಬಾಟಲಿ ಎತ್ತಿಕೊಂಡು ಆಶಾರಾಣಿಯ ಮುಂದೆ ಹೋಗಿ ನಿಂತ.

"ತಪ್ಪು ನಿಂದಲ್ಲಮ್ಮಾ, ಕಂಪನೀದೂ ಅಲ್ಲ. ನೀರು ಕುಡಿದ ಈ ಹಳೇ ಎಣ್ಣೆ ಹಾಕಿದ್ದು ನಾನು."

ಆಶಾರಾಣಿ ಬಾಟಲಿ ನೋಡಿದಳು, ಅತ್ತೆಯನ್ನು ನೋಡಿದಳು.

ಮಾತಾಡಿದ್ದು ವೆಂಕಟರತ್ನಮ್ಮ. "ಅಯ್ಯೋ ದೇವುಡಾ! ಲೇ ಕೋದಂಡಾ, ನಿನ್ನ ಕೈಗುಣ ಅಂತ ಮಗನ ಗಾಡೀನೂ ನಿನ್ನ ಹತ್ರಾನೇ ಕಳಿಸ್ತಿದ್ನಲ್ಲೋ. ಇನ್ನೆಷ್ಟು ಮನೆ ಗಾಡಿಗೆ ಹುಯ್ದಿದೀಯೋ ಇದನ್ನ?"

ಅಲ್ಲಿಯವರೆಗೆ ಅವನ ತಲೆಯಲ್ಲಿದ್ದದ್ದು ಈ ಒಂದು ಕಾರು. ಮುದುಕಿಯ ಮಾತಿಗೆ ಬೆರಳು ಮಡಿಚಿ ಎಣಿಸತೊಡಗಿದ. ಯುಗಾದಿಯಿಂದ ಈಚೆಗೆ ಎಷ್ಟು? ಮಾಲೂರಿನ ಸ್ಕೂಲ್ ವ್ಯಾನು. ಸುಗಟೂರಿನ ಹಾಲಿನ ಟೆಂಪೋ. ಮೊನ್ನೆ ಶನಿವಾರ ಶಿವಾರಪಟ್ಟಣದ ಉಮಾಶಂಕರ್, ಕಲ್ಲಿನ ವಿಗ್ರಹ ಸಾಗಿಸೋನು. ಮಂಗಳವಾರ ಚಿತ್ತೂರಿಗೆ ಲೋಡ್ ಇದೆ ಅಂತ ಅವಸರ ಮಾಡಿ ಹೋಗಿದ್ದ.

ಇವತ್ತೇ ಮಂಗಳವಾರ.

ಫೋನಿನಲ್ಲಿ ಉಮಾಶಂಕರ್ ನಂಬರು ಒತ್ತೋವಾಗ ಎರಡು ಸಲ ತಪ್ಪಿತು. ದಿವ್ಯ ಕಿತ್ತುಕೊಂಡು ಒತ್ತಿ ಅವನ ಕಿವಿಗೆ ಹಿಡಿದಳು.

"ಏನ್ ಕೋದಂಡಣ್ಣಾ, ಬೆಳ್ಬೆಳಿಗ್ಗೆ?"

"ಎಲ್ಲಿದೀಯಪ್ಪಾ?"

"ಪಲಮನೇರು ದಾಟ್ತಾ ಇದೀನಿ. ಒಂದೂವರೆ ಟನ್ ಆಂಜನೇಯಸ್ವಾಮಿ ಹಿಂದ್ಗಡೆ ಮಲಗವ್ನೆ. ಬ್ರೇಕ್ ಚೆನ್ನಾಗಿದೆ ಕಣಣ್ಣಾ, ನಿನ್ನ ಕೈ ಅಂದ್ರೆ..."

"ನಿಲ್ಸು! ಘಾಟಿ ಇಳೀಬೇಡ, ಅಲ್ಲೇ ಎಡಕ್ಕೆ ನಿಲ್ಸು! ನಿನ್ನ ಬ್ರೇಕಿಗೆ ನಾನು ನೀರು ಹಾಕಿದೀನಿ ಕಣೋ!"

ಆ ಕಡೆಯಿಂದ ಲಾರಿಗಳ ಹಾರನ್ ಮಾತ್ರ. ಆಮೇಲೆ ಗೇರ್ ಇಳಿಸಿದ ಶಬ್ದ, ಚಕ್ರದ ಕೆಳಗೆ ಜಲ್ಲಿ ಕರಕರ ಅಂದದ್ದು, ಇಂಜಿನ್ ನಿಂತದ್ದು.

"ನಿಲ್ಲಿಸಿದೀನಿ" ಅಂದ ಉಮಾಶಂಕರ್. ದನಿಯಲ್ಲಿ ಸಲಿಗೆ ಇರಲಿಲ್ಲ. "ಈಗ ಏನಂದ್ರಿ, ಇನ್ನೊಂದು ಸಲ ಹೇಳಿ."

ಕೋದಂಡರಾಮಪ್ಪ ಇನ್ನೊಂದು ಸಲ ಹೇಳಿದ. ಹೊಸ ಎಣ್ಣೆ ತಗೊಂಡು ಈಗಲೇ ಹೊರಟೆ ಅಂದ. ಫೋನು ಇಟ್ಟು, ಮಾಲೂರಿನ ಸ್ಕೂಲ್ ವ್ಯಾನಿನವನ ನಂಬರು ಹುಡುಕತೊಡಗಿದ.