ಗಾಳಿ ಬಿಡು ಅಂದರೆ ಒಳಗೋ, ಹೊರಗೋ

ಟ್ಯೂಬಕ್ಕ ಹುಟ್ಟಿ ಬೆಳೆದದ್ದೇ ಅಪ್ಪನ ಪಂಚರ್ ಅಂಗಡಿಯಲ್ಲಿ. ನೀರಿನ ತೊಟ್ಟಿಯಲ್ಲಿ ಟ್ಯೂಬ್ ಮುಳುಗಿಸಿ ಗುಳ್ಳೆ ಎಲ್ಲಿ ಏಳುತ್ತದೆ ಅಂತ ಹುಡುಕೋದೇ ಅವಳ ಚಿಕ್ಕಂದಿನ ಆಟ. ಆಮೇಲೆ ರಸ್ತೆ ಅಗಲವಾಯಿತು, ಅಂಗಡಿ ಹೋಯಿತು, ಅಡ್ಡಹೆಸರು ಮಾತ್ರ ಅವಳಿಗೇ ಅಂಟಿಕೊಂಡು ಬಿಟ್ಟಿತು.

ಅಕ್ಕನ ಗಂಡ ಟೈಲ್ಸ್ ಕಾರ್ಖಾನೆಯಲ್ಲಿ ಫಿಟ್ಟರ್. ಈ ಭಾವನೇ ಮೇಸ್ತ್ರಿಯ ಹಿಂದೆ ಮುಂದೆ ಸುತ್ತಿ ಅವಳನ್ನು ಕೆಲಸಕ್ಕೆ ಸೇರಿಸಿದ್ದ. "ಈ ತಿಂಗಳು ನೋಡ್ತೀನಿ. ಸರಿಹೋದ್ರೆ ಖಾಯಂ, ಇಲ್ಲಾಂದ್ರೆ ಗೇಟು ಅಲ್ಲೇ ಇದೆ," ಅಂದಿದ್ದರು ಮೇಸ್ತ್ರಿ. ಹಾಗಾಗಿ ದಿನಾ ಸಂಜೆ ಅವಳು ಚಪ್ಪಲಿ ಬಿಡುವಷ್ಟರಲ್ಲಿ ಅಮ್ಮನ ಪ್ರಶ್ನೆ ತಯಾರು.

"ಏನೇ, ಒಳಗೋ ಹೊರಗೋ?"

"ಇನ್ನೂ ಹೊಸ್ತಿಲ ಮೇಲೇ ಇದೀನಮ್ಮ."

ಕೆಲಸ ನೋಡೋಕೆ ಸಲೀಸು. ಅಟ್ಟದ ಮೇಲಿನ ದೊಡ್ಡ ಟ್ಯಾಂಕಿನಲ್ಲಿ ನುಣ್ಣಗೆ ಅರೆದ ಮಣ್ಣಿನ ಕೆಸರು. ಅದು ಪೈಪಿನಲ್ಲಿ ಇಳಿದು ಕೆಳಗಿನ ತೊಟ್ಟಿಗಾಡಿಗೆ ಬೀಳುತ್ತದೆ. ನಡುವೆ ಒಂದು ವಾಲ್ವು. ಮಾಮೂಲಿ ವಾಲ್ವು ಹಾಕಿದರೆ ಕೆಸರಿನೊಳಗಿನ ಮರಳು ಅದನ್ನು ತಿಂದು ಹಾಕುತ್ತದೆ, ಇಲ್ಲಾ ಗಂಟಲಿಗೆ ಸಿಕ್ಕಿಕೊಂಡ ಹಾಗೆ ಕೂರುತ್ತದೆ. ಅದಕ್ಕೇ ಇಲ್ಲಿ ಬೇರೆ ಜಾತಿಯದು. ಹೊರಗೆ ಕಬ್ಬಿಣದ ಕವಚ, ಒಳಗೆ ರಬ್ಬರಿನ ಕೊಳವೆ, ಎರಡರ ಮಧ್ಯೆ ಖಾಲಿ ಜಾಗ. ಆ ಜಾಗಕ್ಕೆ ಕಂಪ್ರೆಸರಿನ ಗಾಳಿ ನುಗ್ಗಿದರೆ ರಬ್ಬರು ಎರಡೂ ಕಡೆಯಿಂದ ಅಮುಕಿಕೊಂಡು ತುಟಿ ಬಿಗಿದ ಹಾಗೆ ಮುಚ್ಚಿಕೊಳ್ಳುತ್ತದೆ, ಕೆಸರು ನಿಲ್ಲುತ್ತದೆ. ಗಾಳಿ ಹೊರಗೆ ಹೋದರೆ ರಬ್ಬರು ಮೊದಲಿನ ಹಾಗೆ ಅರಳುತ್ತದೆ, ಕೆಸರು ಹರಿಯುತ್ತದೆ. ಗಾಳಿಯನ್ನು ನಡೆಸೋ ಸನ್ನೆಕೋಲು ಅವಳ ಕೈಯಲ್ಲಿ; ಅದನ್ನು ಮೇಲೆ ಎತ್ತಿದರೆ ಗಾಳಿ ಒಳಕ್ಕೆ, ಕೆಳಗೆ ಒತ್ತಿದರೆ ಹೊರಕ್ಕೆ. ಇಷ್ಟೇ.

ಈ ಇಷ್ಟೇ ಅನ್ನೋದೇ ಅವಳ ತಲೆ ತಿಂದಿತ್ತು.

"ಅಲ್ಲ ಭಾವ, ಟ್ಯೂಬಿನ ಹೊರಗಡೆ ಗಾಳಿ ತುಂಬೋದು ಎಲ್ಲಾದ್ರೂ ಇದೆಯಾ? ಗಾಳಿ ತುಂಬಿದ್ರೆ ಗಾಡಿ ಓಡಬೇಕು. ಇಲ್ಲಿ ತುಂಬಿದ್ರೆ ನಿಲ್ಲತ್ತೆ."

"ನಿಮ್ಮಪ್ಪನ ಅಂಗಡಿ ಮರೆತುಬಿಡು ಮಾರಾಯ್ತಿ. ಇದು ಕೈಯಲ್ಲಿ ಕತ್ತು ಹಿಸುಕಿದ ಹಾಗೆ ಅಂದ್ಕೋ," ಅಂದ ಭಾವ.

ಅವಳು ಹಾಗೇ ಅಂದುಕೊಂಡಳು. ಅರ್ಥವೂ ಆಯಿತು. ಆದರೆ ಬಾಯಿಪಾಠ ಮಾಡಿದ್ದು ಪರೀಕ್ಷೆ ದಿನ ಕೈಕೊಟ್ಟ ಹಾಗಾಯಿತು.

ಸನ್ನೆಕೋಲು ಅಟ್ಟದ ಮೇಲಿತ್ತು. ಅಲ್ಲಿಂದ ತೊಟ್ಟಿಗಾಡಿ ಕಾಣುತ್ತಿರಲಿಲ್ಲ, ಮಧ್ಯೆ ದಪ್ಪನೆಯ ಕಂಬ. ಮೊದಮೊದಲು ಕೆಳಗೆ ನಿಂತು ಕೂಗುತ್ತಿದ್ದವನು ಭಾವ. ಅವನದು "ನಿಲ್ಸು", "ಹರಿಸು", ಎರಡೇ ಮಾತು. ಒಂದು ದಿನ ಅವನು ಬೇರೆ ಕಡೆ ರಿಪೇರಿಗೆ ಹೋಗಿದ್ದ. ಮೇಸ್ತ್ರಿಯೇ ಬಂದು ನಿಂತರು. ಗಾಡಿ ತುಂಬುತ್ತಾ ಬಂತು. ಮೇಸ್ತ್ರಿ ಕೂಗಿದರು.

"ಗಾಳಿ ಬಿಡು."

ಪಂಚರ್ ಅಂಗಡಿಯಲ್ಲಿ ಗಾಳಿ ಬಿಡು ಅಂದರೆ ಒಂದೇ ಅರ್ಥ. ಟ್ಯೂಬಿನಿಂದ ಗಾಳಿ ಹೊರಗೆ ತೆಗಿ. ಸನ್ನೆಕೋಲು ಆಗಲೇ ಕೆಳಗಿತ್ತು. ಅವಳು ಇನ್ನೂ ಒತ್ತಿ ಹಿಡಿದಳು.

"ಗಾಳಿ ಬಿಡಮ್ಮಾ."

"ಬಿಟ್ಟೇ ಇದೀನಣ್ಣ."

ಕೆಸರು ಗಾಡಿ ದಾಟಿ, ನೆಲ ದಾಟಿ, ಮೇಸ್ತ್ರಿಯ ಬೂಟು ದಾಟಿ ಮೋರಿ ಕಡೆ ಹೊರಟಿತು. ಕೊನೆಗೆ ಶೆಡ್ಡಿನ ಎಲೆಕ್ಟ್ರಿಷಿಯನ್ ಅಟ್ಟಕ್ಕೆ ಓಡಿ ಬಂದು ಸನ್ನೆಕೋಲು ಎತ್ತಿದ.

ಆಮೇಲೆ ನಡೆದದ್ದು ದೊಡ್ಡ ಜಿಜ್ಞಾಸೆ. "ನೀರು ಬಿಡು ಅಂದ್ರೆ ನಲ್ಲಿ ತಿರುಗಿಸ್ತೀಯೋ ಇಲ್ವೋ? ಹಾಗೇ ಗಾಳಿ ಬಿಡು," ಅಂದರು ಮೇಸ್ತ್ರಿ.

"ಕೈ ಬಿಡು ಅಂದ್ರೆ ಕೈ ಹಿಡ್ಕೋತಾರಾ ಅಣ್ಣ?" ಅಂದಳು ಅವಳು. ತಲೆಹರಟೆಯಲ್ಲ, ನಿಜವಾಗಿಯೂ ಗೊತ್ತಾಗದೆ ಕೇಳಿದ್ದು.

ಎಲೆಕ್ಟ್ರಿಷಿಯನ್ ನ್ಯಾಯ ಹೇಳೋಕೆ ಹೋಗಿ, ಬಲೂನಿಗೆ ಗಾಳಿ ಬಿಡೋದು ಬೇರೆ, ಬಲೂನಿಂದ ಗಾಳಿ ಬಿಡೋದು ಬೇರೆ ಅಂತ ಶುರುಮಾಡಿ ತಾನೇ ಕಳೆದುಹೋದ. ಮೇಸ್ತ್ರಿ ಬೂಟು ಬಡಿಯುತ್ತಾ, "ನಾಳೆ ಒಂದು ದಿನ ನೋಡ್ತೀನಿ," ಅಂದು ಹೊರಟರು.

ರಾತ್ರಿಯೆಲ್ಲ ಅವಳು ಮನಸ್ಸಿನಲ್ಲೇ ತಿದ್ದಿಕೊಂಡಳು. ಮೇಸ್ತ್ರಿ ಬಿಡು ಅಂದರೆ ಕೊಡು. ಕೊಡು ಅಂದರೆ ಎತ್ತು. ಎತ್ತಿದರೆ ಬಂದ್.

ಮಾರನೇ ದಿನ ಖಾಲಿ ಗಾಡಿ ಬಂದು ನಿಂತ ಸದ್ದು ಕೇಳಿಸಿತು. ಸನ್ನೆಕೋಲು ಮೇಲಿತ್ತು, ಕೆಸರು ನಿಂತಿತ್ತು. ಕೆಳಗಿಂದ ಮೇಸ್ತ್ರಿ ಕೂಗಿದರು.

"ಗಾಳಿ ಬಿಡು."

ಬಿಡು ಅಂದರೆ ಎತ್ತು. ಅದು ಎತ್ತೇ ಇದೆಯಲ್ಲ. ಅಂದರೆ ಇವತ್ತು ಬಿಡು ಅಂದರೆ ಬಿಡು ಅಂತಲೇ ಇರಬೇಕು. ಅಥವಾ ಇದು ಪರೀಕ್ಷೆಯೋ? ಗಾಡಿ ಸರಿಯಾಗಿ ನಿಂತಿದೆಯೋ ಇಲ್ಲವೋ, ಅದಾದರೂ ಯಾರಿಗೆ ಗೊತ್ತು? ಮೇಸ್ತ್ರಿಗೆ ತಿರುಗಿ ಕೇಳಿದವರು ಆ ಶೆಡ್ಡಿನಲ್ಲಿ ಯಾರೂ ಇಲ್ಲ. ಕೆಲಸ ಹೋದರೆ ಹೋಗಲಿ ಅಂತ ಅವಳು ಕಂಬದ ಕಡೆಗೆ ಕತ್ತು ಚಾಚಿ ಕೂಗಿದಳು.

"ಒಳಗೋ ಹೊರಗೋ, ಅಣ್ಣ?"

ಮೇಸ್ತ್ರಿ ಗಾಡಿ ನೋಡಿದರು, ಪೈಪು ನೋಡಿದರು, ತಮ್ಮ ಬೂಟು ನೋಡಿದರು. ನಿನ್ನೆ ನಿಲ್ಲಿಸೋಕೆ ಅಂದಿದ್ದೂ ಅದೇ ಮಾತು, ಇವತ್ತು ಹರಿಸೋಕೆ ಅಂದಿದ್ದೂ ಅದೇ ಮಾತು. ಅದು ಅವರಿಗೆ ಈಗಷ್ಟೇ ಹೊಳೆದಿತ್ತು.

"ಹೊರಗೆ," ಅಂದರು ಸಣ್ಣ ದನಿಯಲ್ಲಿ.

ಅವಳು ಒತ್ತಿದಳು. ಸುಸ್ಸ್ ಅಂತ ಗಾಳಿ ಹೋಯಿತು, ಕೆಸರು ಇಳಿಯಿತು. ಗಾಡಿ ತುಂಬಿದಾಗ ಕೆಳಗಿಂದ "ಒಳಗೆ" ಅಂತ ಕೇಳಿಸಿತು. ಎತ್ತಿದಳು. ನಿಂತಿತು.

ಸಂಜೆ ಮೇಸ್ತ್ರಿ ಮಡಿಸಿದ ಬೂದು ಅಂಗಿಯೊಂದನ್ನು ಅವಳ ಕೈಗಿಟ್ಟರು. ಖಾಯಂ ಆದವರಿಗೆ ಮಾತ್ರ ಕೊಡೋ ಅಂಗಿ. "ಗೊತ್ತಾಗ್ಲಿಲ್ಲ ಅಂದ್ರೆ ಹಿಂಗೇ ಕೇಳ್ಬೇಕು. ಕೆಲವೊಂದ್ಸಲ ನನಗೂ ಗೊತ್ತಿರಲ್ಲ," ಅಂದು ಬೇರೆ ಕಡೆ ನೋಡಿದರು.

ಮನೆಯಲ್ಲಿ ಅಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. "ಒಳಗೋ ಹೊರಗೋ?"

"ಒಳಗೆ," ಅಂದಳು ಟ್ಯೂಬಕ್ಕ. ತಕ್ಷಣ ಹುಬ್ಬು ಗಂಟಿಕ್ಕಿತು. "ಅಲ್ಲ, ಅಲ್ಲಿ ಒಳಗೆ ಅಂದ್ರೆ ಬಂದ್ ಆಯ್ತು ಅಂತ. ಆದ್ರೆ ಇದು ಬಂದ್ ಆಗಿಲ್ಲ, ನಡೀತಿದೆ. ಹಂಗಾದ್ರೆ ಹೊರಗೆ ಅನ್ಬೇಕಾ?"

"ನೆಟ್ಟಗೆ ಹೇಳೇ, ಜೀವ ಬಾಯಿಗೆ ಬಂದಿದೆ."

ಅವಳು ಹೇಳೋ ಗೋಜಿಗೇ ಹೋಗದೆ ಅಂಗಿ ಬಿಡಿಸಿ ಹಿಡಿದಳು.